ನಲವತ್ತೊಂಬತ್ತು

ಇಸಾಫ್ಯೋರ್ದುರ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಹದಿನೇಳು ವರ್ಷ ಹಳೆಯದೊಂದು ಸರ್ವರ್.
ಅದರ ಹೊಟ್ಟೆಯಲ್ಲಿ ನಮ್ಮೆಲ್ಲರ ಹೆಸರು:
ದಾದಿಯರು, ವೈದ್ಯರು, ಲಾಂಡ್ರಿಯ ಇಬ್ಬರು,
ಆಂಬುಲೆನ್ಸ್ ಓಡಿಸುವ ಪೋಲೆಂಡಿನ ಝ್ಬಿಶೆಕ್.
ಪ್ರತಿಯೊಬ್ಬರಿಗೂ ಮನೆತನದ ಹೆಸರು ಕೇಳುತ್ತದೆ,
ಖಾಲಿ ಬಿಟ್ಟರೆ ಒಪ್ಪುವುದಿಲ್ಲ.
ಈ ದ್ವೀಪದವರಿಗೆ ಎಲ್ಲಿಯ ಮನೆತನ?
ಅಪ್ಪನ ಹೆಸರಿದೆ, ಅದನ್ನೇ ತುಂಬಿದ್ದೇವೆ.

ಸರದಿ ಪಟ್ಟಿಗೆಂದು ಹೊಸ ಜಾಲಪುಟ ಬಂತು.
"ಇನ್ನೊಂದು ಗುಪ್ತಪದವೇ? ತಲೆಯಲ್ಲಿ ಜಾಗವಿಲ್ಲ"
ಎಂದಳು ಸೂಲಗಿತ್ತಿ ಸೋಲ್ವೇಗ್.
ಸರಿ, ಹೊಸ ಬಾಗಿಲಿಗೂ ಹಳೆಯ ಕಾವಲುಗಾರನೇ ಸಾಕೆಂದೆ.

ಬಾಗಿಲಿಗೆ ತನ್ನದೆಂದು ಏನೂ ಗೊತ್ತಿಲ್ಲ.
ಬಂದವರ ಹೆಸರು ಹಿಡಿದು ಕೆಳಗಿಳಿಯುತ್ತದೆ,
ಇವಳು ನಿಮ್ಮವಳೇ, ಕೇಳುತ್ತದೆ.
ಕೆಳಗಿನದು ಗುಟ್ಟು ಬಿಡುವುದಿಲ್ಲ.
ಹೌದು ಅನ್ನುತ್ತದೆ, ಇಲ್ಲವೇ ನಲವತ್ತೊಂಬತ್ತು.
ತಪ್ಪು ಒತ್ತಿದ ಬೆರಳಿಗೂ
ಇಲ್ಲವೇ ಇಲ್ಲದ ಮನುಷ್ಯನಿಗೂ
ಒಂದೇ ಉತ್ತರ.

ಆದರೆ ಕೇಳಲಿಕ್ಕೂ ಒಂದು ಹೆಸರು ಬೇಕಲ್ಲ,
ಹೆಸರಿಲ್ಲದವರಿಗೆ ಕೆಳಗೆ ಮಾತಿಲ್ಲ.
ಬೆರ್ಗುರ್ ಅವಸರದ ಮನುಷ್ಯ; ಶುಕ್ರವಾರ ಸಂಜೆ ಬೇರೆ.
ತನ್ನದನ್ನೇ ಕೊಟ್ಟ. ಗುಪ್ತಪದಕ್ಕೆ ದೋಣಿಯ ಹೆಸರು.
"ಆಮೇಲೆ ಬದಲಾಯಿಸೋಣ ಬಿಡು."

ಅವನು ಹೋದದ್ದು ಅಕ್ಟೋಬರಿನಲ್ಲಿ, ಸಮುದ್ರದಲ್ಲಲ್ಲ,
ಮೂರನೇ ವಾರ್ಡಿನಲ್ಲಿ, ನಮ್ಮದೇ ಹಾಸಿಗೆಯಲ್ಲಿ.
ಕಚೇರಿಯಿಂದ ಚೀಟಿ ಬಂತು: ಅಳಿಸಿ.
ಅಳಿಸಿದೆ. ಸುಳ್ಳೇಕೆ, ಕೈ ನಡುಗಲಿಲ್ಲ.

ರಾತ್ರಿ ಎರಡಕ್ಕೆ ಸೋಲ್ವೇಗಳ ಫೋನು:
"ಹಾಲ್ಡೋರಾ, ನಿನ್ನ ಬಾಗಿಲಿಗೆ ನನ್ನ ಗುರುತಿಲ್ಲವಂತೆ.
ಊರಿನ ಅರ್ಧ ಜನರ ಹೊಕ್ಕುಳಬಳ್ಳಿ ಕತ್ತರಿಸಿದವಳು ನಾನು."
ಲಾಂಡ್ರಿಯವರೂ ಹೊರಗೆ, ವೈದ್ಯರೂ ಹೊರಗೆ.
ಹಿಮ ತುಳಿದು ಬಂದು ದಾಖಲೆ ತೆರೆದೆ.
ಸಾಲು ಸಾಲು ನಲವತ್ತೊಂಬತ್ತು.
ಒಂದೂ ಅವರದ್ದಲ್ಲ, ಎಲ್ಲ ಬೆರ್ಗುರನದ್ದು.
ಹನ್ನೊಂದು ಗಂಟೆಯಿಂದ ಅವನು
ನಮ್ಮೆಲ್ಲರ ಪರವಾಗಿ ಕೆಳಗಿಳಿದು
ಕದ ತಟ್ಟುತ್ತಲೇ ಇದ್ದ.

ಹಿಂದಿನ ದಿನದ ಪ್ರತಿಯಿಂದ ಎತ್ತಿ ತಂದೆ.
ಕೋಣೆ ಸಂಖ್ಯೆ ತೆಗೆದೆ, ಫೋನು ತೆಗೆದೆ,
ಅಧಿಕಾರವೆಲ್ಲ ಕಿತ್ತು, ಓದುವುದೊಂದನ್ನು ಬಿಟ್ಟೆ.
ಅಪ್ಪನ ಹೆಸರನ್ನೂ ತೆಗೆಯಹೋದೆ,
ಸರ್ವರ್ ಒಪ್ಪಲಿಲ್ಲ.

ಸೋಮವಾರ ಬೇರೆ ಖಾತೆ ಮಾಡಬೇಕು,
ಯಾರ ಮಗನೂ ಅಲ್ಲದ್ದು, ಸಾಯದ್ದು,
ಎಂದು ಬರೆದ ಚೀಟಿ ಪರದೆಯ ಮೂಲೆಗೆ ಅಂಟಿದೆ.
ಬೆಟ್ಟದಾಚೆಯಿಂದ ಸೂರ್ಯ ವಾಪಸು ಬಂದು
ಊರೆಲ್ಲ ಅದರ ಕಾಫಿ ಕುಡಿದದ್ದೂ ಆಯಿತು.