ಹನ್ನೊಂದು ನಿಮಿಷ

ಗಡಿಯಾರ ರಿಪೇರಿಯವನ ಮನೆಯಲ್ಲಿ
ಗಡಿಯಾರ ಸರಿಯಿರುವುದಿಲ್ಲವಂತೆ. ಸುಳ್ಳು.
ನಮ್ಮ ಅಡುಗೆಮನೆಯದು ಏಳು ನಿಮಿಷ ಮುಂದಿದೆ,
ಬೇಕೆಂದೇ ಇಟ್ಟಿದ್ದೇನೆ.
ಜಲಜಾಕ್ಷಿಗೂ ಗೊತ್ತು. ಆದರೂ ದಿನಾ ಬೆಚ್ಚುತ್ತಾಳೆ.

ಆರಕ್ಕೆ ಹತ್ತು ನಿಮಿಷವಿರುವಾಗ ಸಾಗರದ ಬಸ್ಸು.
ಅವಳು ಹತ್ತದೆ ಅದು ಹೊರಡುವುದಿಲ್ಲ, ನಿಜ,
ಟಿಕೇಟು ಮಿಷನ್ನು ಅವಳ ಕೊರಳಲ್ಲೇ ಇದೆ;
ಡಿಪೋದ ಪುಸ್ತಕಕ್ಕೆ ಆ ತಮಾಷೆ ತಿಳಿಯದು.

ಹದಿನಾರು ವರ್ಷ ಅವಳೇ ಎದ್ದು
ನನಗೆ ಬೇಯಿಸಿ ಮುಚ್ಚಿಟ್ಟು ಹೋದಳು.
ತಾನು ಆನಂದಪುರದಲ್ಲಿ, ಬಸ್ಸಿನ ಬಾಗಿಲಿಗೊರಗಿ,
ಎರಡು ಬೋಂಡ, ಒಂದು ಚಾ.
ಹೋದ ಕಾರ್ತಿಕದಲ್ಲಿ ರಕ್ತದ ಚೀಟಿ ಬಂತು. ಇನ್ನೂರ ಅರವತ್ತು.
ಹೊತ್ತಿಗೆ ಸರಿಯಾಗಿ, ಮನೆಯದೇ, ಕೂತು ತಿನ್ನಿ,
ಎಂದರು ಡಾಕ್ಟರು.
ಮೂರರಲ್ಲಿ ಒಂದು ಆರಿಸಿ ಕೊಡಿ ಸಾರ್, ಎಂದಳು ಇವಳು.

ಹಾಗೆ ಒಲೆ ನನ್ನ ಕೈಗೆ ಬಂತು.
ದುರ್ಗಿಗುಡಿಯ ನನ್ನ ಅಂಗಡಿಗೆ
ಈಗ ದಿನಕ್ಕೆರಡು ಬ್ಯಾಟರಿ, ಒಂದು ಬೆಲ್ಟು;
ಊರಿನ ಹೊತ್ತೆಲ್ಲ ಫೋನಿನೊಳಗೆ ಹೋಗಿ ಕೂತಿದೆ.
ನನ್ನಲ್ಲಿ ಸಮಯ ಕೊಳೆಯುತ್ತಿತ್ತು,
ಅವಳಲ್ಲಿ ಕಾಲು ಚಮಚವೂ ಇರಲಿಲ್ಲ.
ಒಂದೇ ಸೂರಿನಡಿ ಇದೆಂಥ ಲೆಕ್ಕ?

ಮೊದಲ ವಾರ, ಐದೂಕಾಲಾದರೂ
ಈರುಳ್ಳಿಯಲ್ಲೇ ಇದ್ದೆ.
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹೆಚ್ಚುತ್ತೀರಾ,
ಅಂದಳು, ಚಪ್ಪಲಿ ಮೆಟ್ಟುತ್ತ.

ನನಗಾದರೂ ಗೊತ್ತಿರಬೇಕಿತ್ತು:
ಸ್ಕ್ರೂ ಬಿಚ್ಚುವ ಮೊದಲೇ
ಅದು ಉರುಳುವ ಜಾಗದಲ್ಲಿ ಬಟ್ಟಲಿರಬೇಕು.

ಈಗ ಸಂಜೆಯೇ, ಅಂಗಡಿಯ ಮೇಜಿನ ಮೇಲೆ,
ಹರಿವೆಸೊಪ್ಪು ಬಿಡಿಸಿಕೊಳ್ಳುತ್ತೇನೆ.
ಮೊನ್ನೆ ಗಿರಾಕಿಯೊಬ್ಬ ವಾಚು ಕೊಟ್ಟು, ದಂಟು ನೋಡಿ,
ಕಟ್ಟಿಗೆಷ್ಟು ಅಂದ.
ರಾತ್ರಿ ಹುರುಳಿಯನ್ನು ನೀರಿಗೆ ಹಾಕಿದರೆ
ನಾವು ಗೊರಕೆ ಹೊಡೆಯುವಾಗ
ಅದು ನೈಟ್ ಡ್ಯೂಟಿ ಮಾಡುತ್ತದೆ, ಭತ್ಯೆ ಕೇಳದೆ;
ಮೂರನೆಯ ದಿನ ಬಟ್ಟೆಯ ಗಂಟಿನಿಂದ
ಬಾಲ ಹೊರಗೆ ಹಾಕಿ ಇಣುಕುತ್ತದೆ.
ಒಂದೇ ಕುಕ್ಕರು, ಮೂರು ಡಬ್ಬಿ:
ತಳಕ್ಕೆ ಕಾಳು, ನಡುವೆ ನೆನೆದ ಕೆಂಪಕ್ಕಿ, ಮೇಲೆ ಸೊಪ್ಪು.
ಕಟ್ಟು ಬಸಿದರೆ ಸಾರು. ಉಳಿದದ್ದು ಪಲ್ಯ.

ಸೀಟಿಗೆ ಕಾಯುವಾಗ ಏನು ಮಾಡುತ್ತೀರಿ ಅಣ್ಣ,
ಕೇಳಿದರು ಪಕ್ಕದ ಮನೆಯ ಫಿಲೋಮಿನಾ ಬಾಯಿ.
ಕಾಯುತ್ತೇನೆ, ಅಂದೆ.
ಕುಂಡದಿಂದ ಒಂದೆಲಗ ಕಿತ್ತುಕೊಟ್ಟರು:
ಇದಕ್ಕೆ ಒಲೆಯೇ ಬೇಡ.
ಒಂದು ಹಿಡಿ ಎಲೆ, ನಾಲ್ಕು ಮೆಣಸು, ಜೀರಿಗೆ, ಕಾಯಿಚೂರು,
ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ.
ನಮ್ಮಜ್ಜಿಯೂ ಇದನ್ನೇ ಕಲ್ಲಿನಲ್ಲಿ ಅರೆಯುತ್ತಿದ್ದಳು.
ಆರೋಗ್ಯಕ್ಕೆ ಒಳ್ಳೆಯದು ಅಂತ ಯಾರೂ ಅವಳಿಗೆ ಹೇಳಿರಲಿಲ್ಲ,
ನಾಟಿಗೆ ಹೊತ್ತಾಯಿತು ಅಂತ ಮಾತ್ರ.

ಒಮ್ಮೆ ಜಾಸ್ತಿ ಬುದ್ಧಿವಂತನಾದೆ.
ವಾರದ್ದೆಲ್ಲ ಭಾನುವಾರವೇ ಬೇಯಿಸಿ ಫ್ರಿಜ್ಜಿಗಿಟ್ಟೆ.
ಗುರುವಾರ ಡಬ್ಬಿ ತೆರೆದು, ಮೂಸಿ, ಮುಚ್ಚಿ,
ನಿಮ್ಮ ಅಂಗಡಿಯ ನಿಂತ ವಾಚಿದ್ದ ಹಾಗಿದೆ, ಅಂದಳು.
ಅಲ್ಲಿಗೆ ಬಿಟ್ಟೆ.

ಎಲ್ಲ ಕಳೆದು ಕೈಗೆ ಉಳಿದದ್ದು
ಬೆಳಗಿನ ಹನ್ನೊಂದು ನಿಮಿಷ.
ಆ ಹನ್ನೊಂದು ನಿಮಿಷ ಅವಳು ಕೂರುತ್ತಾಳೆ.
ಖಾಕಿ ತೊಟ್ಟು, ತಣ್ಣನೆಯ ನೆಲದ ಮೇಲೆ, ಕಾಲು ಚಾಚಿ.
ಕುಂಸಿಯಲ್ಲಿ ಎರಡು ರೂಪಾಯಿ ಚಿಲ್ಲರೆಗೆ
ಶಾಪ ಹಾಕಿ ಇಳಿದ ಮುದುಕನ ವಿಷಯ ಹೇಳುತ್ತಾಳೆ,
ಅಥವಾ ಏನೂ ಹೇಳುವುದಿಲ್ಲ.
ತಟ್ಟೆಯ ಅಂಚಿನ ತಂಬುಳಿ ಬೆರಳಲ್ಲಿ ಸವರಿ
ಉಪ್ಪು ಕಡಿಮೆ, ಅನ್ನುತ್ತಾಳೆ. ದಿನಾ.

ನಿನ್ನೆ ರಾತ್ರಿ ಸ್ಟೂಲು ಹತ್ತಿ
ಅಡುಗೆಮನೆಯ ಗಡಿಯಾರ ಇಳಿಸಿದೆ.
ಬೆಳಿಗ್ಗೆ ಅದನ್ನೂ ತನ್ನ ಕೈಯನ್ನೂ ನೋಡಿ ಕೇಳಿದಳು:
ಏನು, ಕೆಟ್ಟಿತಾ?
ಇಲ್ಲ, ಸರಿಯಾಯಿತು.
ಅರೆಗಳಿಗೆ ಸುಮ್ಮನಿದ್ದು ತಟ್ಟೆ ಮುಂದೆ ಮಾಡಿದಳು,
ಹಾಗಾದರೆ ಇನ್ನೊಂದು ಸೌಟು ಹಾಕಿ.

ಉಂಡು, ಕೈ ತೊಳೆದು,
ರೈಟ್, ಅಂದು ಎದ್ದಳು,
ಇನ್ನೂ ಬಸ್ಸು ಹತ್ತುವ ಮೊದಲೇ.