ಆರು ಸೆಲ್ಲಿನ ತಾಳ

ಬೆಳಗಾವಿ ರವಿವಾರ ಪೇಟ್ಯಾಗ
ದಸ್ತಗೀರನ ಮೋಡಕಾ ಅಂಗಡಿ ಮುಂದ
ಕೆಟ್ಟ ಮಿಕ್ಸರ್, ಬಾಯಿ ತಗದ ಟೇಪರಿಕಾರ್ಡರ್ ನಡುವ
ಬೋರಲ ಬಿದ್ದಿತ್ತು.
ಬೆನ್ನಮ್ಯಾಲೆ ಬಿಳಿ ಬಣ್ಣದಾಗ ಬರದಿದ್ರು:
‘ನ್ಯೂ ಸ್ವರಧಾರಾ ಪಾರ್ಟಿ, ನಿಪ್ಪಾಣಿ.
ಯಾರೂ ಮುಟ್ಟಬಾರದು.’
ಮುಟ್ಟಿದೆ.

ಹದಿನಾರು ಗುಂಡಿ.
ಒಂಬತ್ತನೇದು ಒತ್ತಿದ್ರ ಒಳಗ ಹೋಗಿ ಕುಂದರತೈತಿ,
ಎಬ್ಬಸಾಕ ಉಗುರ ಬೇಕು.
‘ಚಪ್ಪಾಳಿ ಸತ್ತೈತ್ರಿ,’ ಅಂದ ದಸ್ತಗೀರ, ಸುಳ್ಳ ಹೇಳಾಂವಲ್ಲ,
‘ಉಳದದ್ದೆಲ್ಲಾ ಬಡಕೋತೈತಿ.’
ಹದಿನಾಲ್ಕನೂರು ಅಂದಾಂವ ಒಂಬೈನೂರಕ್ಕ ಇಳದ.
ಚಹಾದ ರೊಕ್ಕ ನಾನ ಕೊಟ್ಟೆ.

ಬನಹಟ್ಟಿ ಬಸ್ಸಿನಾಗ ತೊಡಿಮ್ಯಾಲೆ ಇಟಗೊಂಡು ಕುಂತಿದ್ದೆ.
ತಕ್ಕಡಿ ಏನು, ಕಂಡಕ್ಟರ್ ಕೇಳಿದ.
ಹೂಂ ಅಂದೆ.

ನಾನು ಜಾಬರ್. ನಲವತ್ತೆಂಟು ಮಗ್ಗ ನನ್ನ ಕೈಯಾಗ.
ಲಾಳಿ ತಡ ಆದ್ರ, ಪಿಕ್ಕರ್ ಸವದ್ರ
ಓಣಿ ಆ ಕಡಿಂದ ಹೇಳತೀನಿ:
ಮೂರನೇದು, ಎಡಗಡಿ.
ಇಂಥಾ ಕಿವಿ ಇಟಗೊಂಡು ಹಾಡು ಮಾಡೂದು
ಸಣ್ಣ ತ್ರಾಸ ಅಲ್ಲ.

ಇದರ ಮೈಮ್ಯಾಲಿನ ಹೆಸರೆಲ್ಲಾ ಪರದೇಶದ್ದು,
ರುಂಬಾ, ವಾಲ್ಟ್ಜ್, ಬೋಸಾ ನೋವಾ.
ನನಗ ಬೇಕಾದದ್ದು ರೂಪಕ, ಏಳು ಮಾತ್ರಿ.
ಹದಿನಾಲ್ಕಕ್ಕ ನಿಂದ್ರು ಅಂತ
ಮೂರು ರಾತ್ರಿ ಹೇಳಿಕೊಟ್ಟೆ.
ನಾಲ್ಕನೇ ರಾತ್ರಿ
ಕಡೀ ಎರಡು ಮನಿ ಖಾಲಿ ಬಿಟ್ಟು ತಾನ ತಿರುಗಿ ಬಂತು,
ಸೆರಗು ಮುಗಿಸಿ ಮತ್ತ ಒಡಲು ಹಿಡದ್ಹಂಗ.

ತಬಲಾದ ದನಿ ಅಲ್ಲ ಅದು. ಡಗ್ಗಾ ಅಂದ್ರ
ಖಾಲಿ ಕೊಡಕ್ಕ ಮೊಣಕೈ ತಾಗಿದ್ಹಂಗ.
ಜಾಂಗಟಿ ಅಂದ್ರ ಕಾದ ಹಂಚಿನಮ್ಯಾಲೆ ನೀರು.
ಸೋಗು ಹಾಕಿ ಸಿಕ್ಕಿಬಿದ್ದ ಹುಡುಗ
ನಕ್ಕು ನಿಂತಂಗ ನಿಲ್ಲತೈತಿ ಮುಂದ.
ಹೆಂಗ ಬೈಯೂದು?

ಯಂತ್ರ, ಮೊಬೈಲು ಎರಡಕ್ಕೂ ಕೌದಿ ಹೊಚ್ಚಿ
ರಿಕಾರ್ಡ್ ಮಾಡತೀನಿ.
ಆದ್ರೂ ಓಣಿ ಮಗ್ಗ ಒಳಗ ನುಗ್ಗತಾವು,
ನನ್ನ ಪ್ರತಿ ಹಾಡಿನಾಗೂ ಬಾಡಿಗಿ ಕೊಡದ ಬಾಡಿಗಿಯವರು.
‘ಇಷ್ಟು ಸಪ್ಪಳ ಸಾಲದಂತ
ರೊಕ್ಕ ಕೊಟ್ಟು ಇನ್ನಷ್ಟು ತಂದ್ಯಾ?’
ಅವ್ವಂದು ದಿನದ ಮಾತು.

ಬುಧವಾರ ರಾತ್ರಿ ಒಂದೂವರಿಗೆ ಲೈಟ್ ಹೋತು.
ಮಗ್ಗ ಒಮ್ಮೆಲೆ ನಿಲ್ಲಲಿಲ್ಲ,
ಇನ್ನೆರಡು ಏಟು, ಒಂದು, ಅರ್ಧ,
ಒಂದರ ಹಿಂದ ಒಂದು ಉಸಿರು ಬಿಟ್ಟು ಕುಂತವು.
ಎದುರು ಮನಿ ಕೂಸು ಅಂಜಿ ಎದ್ದಿತು.
ಅವ್ವನೂ ಎದ್ದಳು,
ಐವತ್ತು ವರ್ಷ ಸಪ್ಪಳಾ ಹೊಚ್ಚಿಕೊಂಡು ಮಲಗಿದಾಕಿ.
ಕೌದಿ ಸಂದ್ಯಾಗ ಕೆಂಪು ದೀಪ ಒಂದ
ಆರು ಸೆಲ್ಲಿನ ಮ್ಯಾಲೆ ಮಿಟಕತಿತ್ತು.

‘ಅದನ್ನರೆ ಹಚ್ಚು.’
ರೂಪಕ ಹಚ್ಚಿದೆ.
‘ಬ್ಯಾಡ. ಇದು ಕುಂಟತೈತಿ.’
ಕತ್ತಲಾಗ ನನ್ನ ಕೈ ಹುಡುಕಿ ಹಿಡಕೊಂಡು
ಅಂಗೈಮ್ಯಾಲೆ ಬಡದು ತೋರಿಸಿದಳು:
ಖಟ್, ಖಟ್, ನಡುವ ಒಂದೀಟು ಎಳತ, ಖಟ್.
ಅಪ್ಪನ ಕುಣಿಮಗ್ಗ.
ಮಾರಿ ಮೂವತ್ತು ವರ್ಷ ಆತು,
ಕಟಗಿ ಯಾರ ಒಲಿಗೆ ಹೋತೋ.

ಆ ಎಳತ ಹದಿನಾರು ಮನ್ಯಾಗ ಎಲ್ಲೂ ಕುಂದರಲಿಲ್ಲ,
ಎಂಟಕ್ಕಿಟ್ರ ಲಗೂ, ಒಂಬತ್ತಕ್ಕಿಟ್ರ ತಡ.
ಕಡೀಕ ಎಲ್ಲಾ ಅಳಿಸಿ
ಬೆರಳಿಲೆ ಬಾರಿಸಾಕ ಹತ್ತಿದೆ.
ಸಿಕ್ಕಿಬೀಳೂ ಒಂಬತ್ತನೇ ಗುಂಡಿ
ಉಗುರಿಲೆ ಎಬ್ಬಿಸಿ ಎಬ್ಬಿಸಿ ಒತ್ತೂದ್ರಾಗ
ಕೂದಲಷ್ಟು ಹಿಂದ ಬೀಳತಿತ್ತು ಏಟು.

ಅವ್ವ ಸುಮ್ಮನಾದಳು.
ಸ್ವಲ್ಪ ಹೊತ್ತಿಗೆ ಅಂದಳು,
‘ಸನೇಕ ಬಂದಿ. ಆದ್ರ ನಾಲ್ಕು ಏಟಿಗೊಮ್ಮೆ
ಅವರು ಕೆಮ್ಮತಿದ್ರು.’

ಕೆಮ್ಮಿಗೆ ಗುಂಡಿ ಇಲ್ಲ ಇದರಾಗ.
ಖಟ್, ಖಟ್, ಎಳತ, ಖಟ್,
ಸತ್ತ ಚಪ್ಪಾಳಿ ಒತ್ತಿದೆ.
ಏನೂ ಬರಲಿಲ್ಲ.
‘ಹಾಂ,’ ಅಂದಳು, ‘ಅಲ್ಲೇ.’