ಒಳ ಅಂಚು

ಟೈರಿಗೆ ಸುಳ್ಳು ಬರುವುದಿಲ್ಲ, ಲೋಟಾರ್.
ಹೊರಗಿನಿಂದ ಮದುವೆಗೆ ಹೊರಟವನ ಹಾಗಿದೆ,
ಒಳ ಅಂಚು ತಡವಿದರೆ ತಂತಿ ಚುಚ್ಚುತ್ತದೆ.

ಈಸ್ಟರ್ ಹೊತ್ತಿಗೆ ಮೂರು ಡಿಗ್ರಿ
ಒಳಕ್ಕೆ ವಾಲಿಸಿಕೊಂಡು ಹೋಗಿದ್ದೆ,
ತಿರುವಿನಲ್ಲಿ ಕಾರು ಮೈ ಹೊರಳಿಸಿದಾಗ
ರಬ್ಬರು ಅಂಗೈಯಗಲ ನೆಲ ಹಿಡಿಯಲೆಂದು.
ಹಿಡಿಯಿತು, ಒಪ್ಪಿದೆ.
ಆದರೆ ಐಫೆಲ್ ಗುಡ್ಡದ ತಿರುವು ನಿನಗೆ ತಿಂಗಳಿಗೊಮ್ಮೆ;
ಮಿಕ್ಕದ್ದೆಲ್ಲ ಹೆದ್ದಾರಿ, ನೆಟ್ಟಗೆ,
ಬರೀ ಅಂಚಿನ ಮೇಲೆ ನಡಿಗೆ.
ಎಲ್ಲಿಗೆ ಅಷ್ಟೊಂದು?

"ಕೊಬ್ಲೆಂಜ್‌ಗೆ," ಅಂದ, ನೆಲ ನೋಡುತ್ತ.
"ಭಾನುವಾರ ಮಗಳು ನನ್ನ ಪಾಲು."

ನಾನು ನಟ್ಟು ಸಡಿಲಿಸಿದೆ.
ಪರದೆಯ ಮೇಲೆ ಕೆಂಪಂಕಿ ಇಳಿಯತೊಡಗಿತು:
ಎರಡೂವರೆ, ಎರಡು, ಒಂದೂಮುಕ್ಕಾಲು.
ಪೂರಾ ನೆಟ್ಟಗಾದರೆ ಟೈರು ಬಾಳುತ್ತದೆ,
ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುತ್ತದೆ.
ಎರಡನ್ನೂ ಕೊಡುವ ಸ್ಪ್ಯಾನರು
ಅಪ್ಪನ ಪೆಟ್ಟಿಗೆಯಲ್ಲೂ ಇರಲಿಲ್ಲ.

"ಸಾಕು," ಅಂದ, ಒಂದೂವರೆ ಮುಟ್ಟಿದಾಗ,
"ಅಷ್ಟು ವಾಲಿಕೊಂಡೇ ಇರಲಿ, ಗೆರ್ಲಿಂಡೆ."

ಬಿಗಿದೆ. ಮಾತಾಡಲಿಲ್ಲ.
ಅವನು ಹೋದ ಮೇಲೆ ಹಳೆಯ ಟೈರುಗಳನ್ನು
ಗ್ಯಾರೇಜಿನ ಹಿಂದೆ ತುರಿಕೆ ಗಿಡಗಳತ್ತ ಉರುಳಿಬಿಟ್ಟೆ.
ಒಂದು ನೆಟ್ಟಗೆ ಹೋಗಲೇ ಇಲ್ಲ,
ಅರ್ಧ ಸುತ್ತು ಬಳಸಿ
ಸವೆದ ಮಗ್ಗುಲಿಗೇ ಮಲಗಿತು.